ಚಾರಿಟಿ: ತುಟ್ಟಿ ಪದ ಬಿಟ್ಟಿಯಾದ ಬಗೆ

‘ನಾವೇನು ಇಲ್ಲಿ ಚಾರಿಟಿ ನಡೆಸ್ತಿಲ್ಲ’ ಎಂಬ ಮಾತನ್ನು ಈ ವಾರ ಮೂರನೇ ಸಲ ಕೇಳಿದೆ. ಬಿಟ್ಟಿ ಅನ್ನೋ ಚೆಂದದ ಪದ ಕನ್ನಡದಲ್ಲೇ ಇದೆ, ಅಲ್ವಾ? ಸುಮ್ನೆ ಚಾರಿಟಿಯನ್ನು ಯಾಕೆ ಎಳೆದು ತರಬೇಕು? ಮದರ್ ತೆರೇಸಾ 1950ರಲ್ಲಿ ಶುರುಮಾಡಿದ ಮಿಷನರೀಸ್ ಆಫ್ ಚಾರಿಟಿಯನ್ನು ಯಾರೋ ‘ದಾನದ ಮಿಷನರಿಗಳು’ ಎಂದು ಬರೆದದ್ದು ನೋಡಿದ ಮೇಲಂತೂ ತಾಳ್ಮೆ ತಪ್ಪಿತು.

ಚಾರಿಟಿ ಪದದ ಮೂಲ ಲ್ಯಾಟಿನ್ನಿನ ಕಾರಿತಾಸ್. ಅದರ ಬೇರು ಕಾರುಸ್. ಕಾರುಸ್ ಅಂದರೆ ತುಟ್ಟಿಯಾದದ್ದು, ಅಕ್ಕರೆಯದ್ದು, ಎರಡೂ. ರೋಮಿನಲ್ಲಿ ಧಾನ್ಯದ ಬೆಲೆ ಏರಿದರೆ ಅದಕ್ಕೂ ಕಾರಿತಾಸ್ ಎನ್ನುತ್ತಿದ್ದರು. ಬೆಲೆಯೇರಿಕೆಗೆ ಸಲ್ಲುತ್ತಿದ್ದ ಪದ ಪುಕ್ಕಟೆಗೆ ಬಂದು ನಿಂತಿದೆ! ಗ್ರೀಕ್ ಬೈಬಲ್ಲಿನ ‘ಅಗಾಪೆ’ಗೆ, ಅಂದರೆ ಪ್ರೀತಿಗೆ, ಲ್ಯಾಟಿನ್ ಅನುವಾದಕರು ಇದನ್ನೇ ಹಿಡಿದರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು ಚಾರಿಟಿ ಆಯಿತು.

ಬೈಬಲ್ಲಿನಲ್ಲಿ ಧರ್ಮಪ್ರಚಾರಕ ಪೌಲ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ತೆಗೆದು ನೋಡಿ. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರೂ ಚಾರಿಟಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಎನ್ನುತ್ತಾನೆ. ಚಾರಿಟಿ ಅಂದರೆ ದಾನ ಅಂದುಕೊಂಡು ಈ ಸಾಲು ಓದಿ. ದಾನ ಕೊಟ್ಟರೂ ದಾನ ಇಲ್ಲ ಎಂದ ಹಾಗಾಗುತ್ತದೆ. ಕನ್ನಡ ಬೈಬಲ್ ಅಲ್ಲಿ ನೇರವಾಗಿ ‘ಪ್ರೀತಿ’ ಎನ್ನುತ್ತದೆ. ತಂಟೆಯೇ ಇಲ್ಲ.

ನಮ್ಮ ‘ಧರ್ಮ’ಕ್ಕೂ ಇದೇ ಗತಿ ಬಂತು ಅನ್ನಿ. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎನ್ನುವಾಗ ಧರ್ಮ ಅಂದರೆ ಬರೀ ಬಿಟ್ಟಿ. ಧರ್ಮದೇಟಿನಲ್ಲಂತೂ ಆ ಮರ್ಯಾದೆಯೂ ಉಳಿದಿಲ್ಲ.

ಚಾರಿಟಿಗೆ ಆ ಹಳೆಯ ಅರ್ಥ ಇದ್ದಾಗಿನ ಒಂದು ಕತೆ ಕೇಳಿ. ಫ್ರಾನ್ಸಿನ ಶಾತಿಯೊಂ ಎಂಬ ಊರು, 1617. ಒಂದು ಮನೆಯವರೆಲ್ಲ ಕಾಯಿಲೆ ಬಿದ್ದಿದ್ದಾರೆಂದು ಪಾದ್ರಿ ವಿನ್ಸೆಂಟ್ ಡಿ ಪಾಲ್ ಭಾನುವಾರ ಚರ್ಚಿನ ಪ್ರವಚನದಲ್ಲಿ ಹೇಳಿದರು. ಮಧ್ಯಾಹ್ನ ನೋಡಿದರೆ ದಾರಿ ತುಂಬ ಊಟ ಹೊತ್ತ ಜನ. ಇವತ್ತು ಜಾಸ್ತಿಯಾಗಿ ಹಳಸುತ್ತದೆ, ನಾಳೆ ಮತ್ತೆ ಉಪವಾಸ ಎಂದು ವಿನ್ಸೆಂಟರಿಗೆ ಹೊಳೆಯಿತು. ಊರಿನ ಹೆಂಗಸರ ಸಂಘ ಕಟ್ಟಿ ಸರದಿ ಹಾಕಿದರು. ಆ ಸಂಘವನ್ನು ಕರೆಯುತ್ತಿದ್ದದ್ದೇ ‘ಚಾರಿಟಿ’ ಎಂದು. ಅದರ ನಿಯಮಗಳನ್ನು ಓದಬೇಕು. ರೋಗಿಯ ಕೈ ತೊಳೆಸಿ, ಬಟ್ಟೆ ಹಾಸಿ ಬಡಿಸಿ, ಮಾಂಸ ಕತ್ತರಿಸಿ ಕೊಡಿ, ಸ್ವಂತ ಮಗನಿಗೆ ಮಾಡಿದ ಹಾಗೆ. ಜೊತೆಗೆ ಜನ ಇರುವವರ ಮನೆಗೆ ಮೊದಲು ಹೋಗಿ. ಒಂಟಿಯಾಗಿರುವವರನ್ನು ಕೊನೆಗೆ ಇಟ್ಟುಕೊಳ್ಳಿ, ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದು.

1633ರಲ್ಲಿ ವಿನ್ಸೆಂಟ್ ಮತ್ತು ಲೂಯಿಸ್ ದ ಮಾರಿಯಾಕ್ ಎಂಬಾಕೆ ಸೇರಿ ಡಾಟರ್ಸ್ ಆಫ್ ಚಾರಿಟಿ ಎಂಬ ಸಿಸ್ಟರ್‌ಗಳ ಸಂಘ ಶುರುಮಾಡಿದರು. ಆ ಸಿಸ್ಟರ್‌ಗಳು ತಮ್ಮಲ್ಲಿ ಮೊದಲನೆಯವಳೆಂದು ಇಂದಿಗೂ ನೆನೆಯುವುದು ಮಾರ್ಗರೀತ್ ನಾಸೋ ಎಂಬಾಕೆಯನ್ನು. ದನ ಕಾಯುತ್ತಿದ್ದ ಹುಡುಗಿ, ತಾನೇ ಓದು ಕಲಿತವಳು. ದಾನ ಮಾಡೋಕೆ ಕಾಸೇನೂ ಇರಲಿಲ್ಲ. ಪ್ಲೇಗ್ ತಗುಲಿದ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟಳು. ಅದೇ ವರ್ಷ ಅದೇ ರೋಗಕ್ಕೆ ತೀರಿಕೊಂಡಳು.