ಕೊಂದದ್ದು ಕಣವೋ, ಕರಗಿದ ಲೋಹವೋ?

ಪ್ರಶ್ನೆ: ನ್ಯಾನೋ ವಸ್ತುಗಳ ವಿಷವನ್ನು ಪಾಚಿ, ಬ್ಯಾಕ್ಟೀರಿಯಾ, ಪ್ಯಾರಾಮೀಸಿಯಂನಂಥ ಒಂದೇ ಕೋಶದ ಜೀವಿಗಳ ಮೇಲೆ ಪರೀಕ್ಷಿಸುತ್ತಾರಂತೆ. ಅವು ಸತ್ತರೆ ನಮಗೆ ತಿಳಿಯುವುದಾದರೂ ಏನು?

ಉತ್ತರ: ಸತ್ತವು ಎಂಬುದಷ್ಟರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಏಕೆ ಸತ್ತವು ಎಂದು ಹುಡುಕಲು ಹೊರಟಾಗಲೇ ಈ ಜೀವಿಗಳ ನಿಜವಾದ ಉಪಯೋಗ.

ಸತುವಿನ ಆಕ್ಸೈಡನ್ನೇ ನೋಡಿ. 100 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಚಿಕ್ಕದಾದ ಇದರ ಕಣಗಳನ್ನು ನೀರಿಗೆ ಹಾಕಿದರೆ ಪಾಚಿ ಬೆಳೆಯುವುದು ಕುಂಠಿತವಾಗುತ್ತದೆ. ಕಣ ಚಿಕ್ಕದಾದದ್ದೇ ತೊಂದರೆ ಅನಿಸುತ್ತದೆ, ಅಲ್ಲವೇ? ಆದರೆ ಈ ಕಣ ನೀರಿನಲ್ಲಿ ಕರಗುತ್ತಾ ಸತುವಿನ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳನ್ನು, ಬಿಡುತ್ತಿರುತ್ತದೆ. ಆದ್ದರಿಂದ ಪಕ್ಕದಲ್ಲೇ ಇನ್ನೆರಡು ಪಾತ್ರೆ ಇಡಬೇಕು: ಒಂದರಲ್ಲಿ ಸತುವಿನ ಲವಣ, ಇನ್ನೊಂದರಲ್ಲಿ ಮಾಮೂಲಿ ಸತುವಿನ ಆಕ್ಸೈಡ್ ಪುಡಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಹಿನೀರಿನ ಪಾಚಿಯನ್ನು ಹೀಗೇ 72 ಗಂಟೆ ಬೆಳೆಸಿ ನೋಡಿತು. ಮೂರರ ವಿಷವೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಕಾರಣ ಕರಗಿದ ಸತು. ಬೆಳ್ಳಿಯ ವಿಷಯದಲ್ಲೂ ಇದೇ ಅನುಮಾನವಿತ್ತು. ಆಮ್ಲಜನಕವಿಲ್ಲದ ಕಡೆ ಬೆಳ್ಳಿಯ ಕಣದಿಂದ ಅಯಾನು ಬಿಡುಗಡೆಯಾಗದು. ಅಂಥ ವಾತಾವರಣದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಕಣ ಏನೂ ಮಾಡಲಿಲ್ಲವೆಂದು 2012ರಲ್ಲಿ ತೋರಿಸಿದರು.

ಎಲ್ಲ ವಸ್ತುಗಳೂ ಹೀಗಲ್ಲ. ಟೈಟಾನಿಯಂ ಡೈಆಕ್ಸೈಡ್ ಬಹುತೇಕ ಕರಗುವುದೇ ಇಲ್ಲ. ಅತಿನೇರಳೆ ಬೆಳಕು ಬಿದ್ದಾಗ ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಅದನ್ನು ಕತ್ತಲಲ್ಲಷ್ಟೇ ಪರೀಕ್ಷಿಸಿ ‘ಸುರಕ್ಷಿತ’ ಎಂದರೆ ಆ ಮಾತನ್ನು ನಾನಂತೂ ಒಪ್ಪಲಾರೆ. ಮೋಸಹೋಗುವ ದಾರಿಗಳು ಇನ್ನೂ ಇವೆ. ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿದರೆ ಜೀವಿಗೆ ತಗುಲಿದ್ದು ಎಷ್ಟೆಂದೇ ಗೊತ್ತಾಗದು. ನೀರು ಕದಡಿ ಬೆಳಕು ತಡೆದರೆ ಪಾಚಿ ಸೊರಗುವುದು ವಿಷದಿಂದಲ್ಲ, ನೆರಳಿನಿಂದ.

ಪರೀಕ್ಷೆಗೆ ಬಳಸುವ ಜೀವಿಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಟೆಟ್ರಾಹೈಮೆನಾ, ಪ್ಯಾರಾಮೀಸಿಯಂನಂಥದ್ದೇ ಒಂದು ಏಕಕೋಶ ಜೀವಿ. ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಯೀಸ್ಟಿಗೆ ಗಟ್ಟಿ ಕೋಶಭಿತ್ತಿಯ ಕಾವಲು. ಸುಮಾರು 50 ಮೈಕ್ರೋಮೀಟರ್ ಉದ್ದದ ಈ ಜೀವಿಯೋ ಸಿಕ್ಕಿದ ಕಣವನ್ನೆಲ್ಲ ನುಂಗುತ್ತದೆ. ಇಂಗಾಲದ ನ್ಯಾನೋ ಕೊಳವೆಗಳನ್ನು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಾರದರ್ಶಕ ಮೈಯೊಳಗೆ ಆಹಾರದ ರಸದಾನಿಗಳು (ನುಂಗಿದ್ದನ್ನು ಇಟ್ಟುಕೊಳ್ಳುವ ಪುಟ್ಟ ಚೀಲಗಳು) ಕಪ್ಪು ಚುಕ್ಕೆಗಳಾಗಿ ತುಂಬಿಕೊಳ್ಳುವುದು ಕಾಣುತ್ತದೆ. ಸಾಯುವ ಮೊದಲೇ ಅದರ ಈಜು ನಿಧಾನವಾಗಬಹುದು, ವಿಭಜನೆ ತಡವಾಗಬಹುದು; ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಈ ಫಲಿತಾಂಶದಿಂದ ಮನುಷ್ಯನ ಶ್ವಾಸಕೋಶಕ್ಕೆ ತೀರ್ಪು ಕೊಡಲಾಗದು. ಆದರೆ ಕಣ ಕೆರೆ, ಹೊಳೆ ಸೇರಿದರೆ ಮೊದಲು ಎದುರಾಗುವುದು ಇಂಥ ಜೀವಿಗಳಿಗೇ; ಅವುಗಳಿಂದ ಅವನ್ನು ತಿನ್ನುವ ಜೀವಿಗೂ ದಾಟಬಹುದು. 2011ರ ಒಂದು ಪ್ರಯೋಗದಲ್ಲಿ ಕ್ಯಾಡ್ಮಿಯಂ ಸೆಲೆನೈಡ್ (ಕ್ಯಾಡ್ಮಿಯಂ ಎಂಬ ವಿಷಲೋಹದ ಸಂಯುಕ್ತ) ಕಣ ಹೊತ್ತ ಬ್ಯಾಕ್ಟೀರಿಯಾವನ್ನು ಟೆಟ್ರಾಹೈಮೆನಾಕ್ಕೆ ತಿನ್ನಿಸಿದರು. ತಿಂದದ್ದರ ಮೈಯಲ್ಲಿ ಕ್ಯಾಡ್ಮಿಯಂ ಸಾಂದ್ರತೆ ಬ್ಯಾಕ್ಟೀರಿಯಾದಲ್ಲಿದ್ದದ್ದರ ಸುಮಾರು 5 ಪಟ್ಟಾಗಿತ್ತು.