ಕಾಚಂಪುಳಿ ಹಾಕಿದರೆ ಮೀನಿನ ಪಾದರಸ ಹೋಗುತ್ತದೆಯೇ?

ಪ್ರಶ್ನೆ: ಸಮುದ್ರ ಮೀನಿನಲ್ಲಿ ಪಾದರಸದಂಥ ಲೋಹಗಳಿರುತ್ತವೆ ಎನ್ನುತ್ತಾರೆ. ನಾವು ಮೀನನ್ನು ಉಪ್ಪು, ಅರಿಶಿನ ಹಚ್ಚಿ ತೊಳೆದು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಬೇಯಿಸುತ್ತೇವೆ. ಅಷ್ಟು ಹುಳಿಗೆ ವಿಷ ಬಿಡುವುದಿಲ್ಲವೇ?

ಉತ್ತರ: ಬಿಡುವುದಿಲ್ಲ. ಪಾದರಸ ಮೀನಿನ ಮೈಮೇಲೆ ಅಂಟಿದ ಕೊಳೆಯಲ್ಲ. ಕಲ್ಲಿದ್ದಲು ಉರಿಸಿದಾಗ ಗಾಳಿಗೆ ಸೇರಿ ಕೊನೆಗೆ ಕಡಲಿಗೆ ಇಳಿಯುವ ಪಾದರಸವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನ ಮಾಂಸದ ಪ್ರೋಟೀನಿನಲ್ಲಿರುವ ಗಂಧಕಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕಾಯಿಸಿದ ಕಾಚಂಪುಳಿ ಮೀನಿನ ವಾಸನೆಯನ್ನು ಅಡಗಿಸುತ್ತದೆ, ಆದರೆ ಈ ಬಂಧವನ್ನು ಬಿಡಿಸಲಾರದು. ಹುರಿದಾಗ ನೀರಷ್ಟೇ ಆರುವುದರಿಂದ ಗ್ರಾಂ ಲೆಕ್ಕದಲ್ಲಿ ಪಾದರಸ ತುಸು ಹೆಚ್ಚೇ ಕಾಣುತ್ತದೆ.

ಹಾಗಾಗಿ ತೀರ್ಮಾನವಾಗಬೇಕಾದದ್ದು ಒಲೆಯ ಮುಂದಲ್ಲ, ಮೀನಂಗಡಿಯಲ್ಲಿ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ, ಕಣ್ಣೂರಿನ ಕಡೆಯಿಂದ ಮಾಕುಟ್ಟ ದಾಟಿ ಕೊಡಗಿಗೆ ಬರುವ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಅಂಗೈಯಗಲದ ಮತ್ತಿಯೂ (ಬೂತಾಯಿ) ಇರುತ್ತದೆ, ಕತ್ತಿಯಿಂದ ತುಂಡರಿಸಿ ಮಾರುವ ಶಾರ್ಕ್ ಕೂಡ ಇರುತ್ತದೆ. ಮತ್ತಿ ತಿನ್ನುವುದು ಕಡಲಿನ ಸೂಕ್ಷ್ಮಜೀವಿಗಳನ್ನು, ಬದುಕುವುದೂ ಕೆಲವೇ ವರ್ಷ; ಶಾರ್ಕ್ ಬಹುಕಾಲ ಬದುಕಿ, ತಾನು ತಿಂದ ಮೀನುಗಳಲ್ಲಿದ್ದ ಪಾದರಸವನ್ನೆಲ್ಲ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪಟ್ಟಿಯಲ್ಲಿ ಮತ್ತಿ ಜಾತಿಯ ಮೀನಿನಲ್ಲಿ ಪಾದರಸದ ಸರಾಸರಿ ಕಿಲೋಗೆ 0.013 ಮಿಲಿಗ್ರಾಂ, ಶಾರ್ಕಿನದು 0.979. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2003ರಲ್ಲಿ ನಿಗದಿಪಡಿಸಿದ ಮೀಥೈಲ್ ಪಾದರಸದ ವಾರದ ಮಿತಿ ದೇಹತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ, ಅರವತ್ತು ಕಿಲೋ ತೂಗುವವರಿಗೆ ಅದು 96 ಮೈಕ್ರೋಗ್ರಾಂ. ಆ ಸರಾಸರಿಯಲ್ಲಿ ಲೆಕ್ಕ ಹಾಕಿದರೆ ನೂರು ಗ್ರಾಂ ಶಾರ್ಕಿಗೇ ಮಿತಿ ಮುಗಿಯಿತು. ಮತ್ತಿಯಾದರೆ ಏಳು ಕಿಲೋ ತಿನ್ನಬೇಕು, ಯಾರು ತಿಂದಾರು? ಅಂಜಲ್ ಮತ್ತು ದೊಡ್ಡ ಟ್ಯೂನಾ ಈ ಎರಡರ ನಡುವೆ ಬರುತ್ತವೆ. ಬಂಗುಡೆ, ಸಿಗಡಿಗಳು ಮತ್ತಿಯ ಕಡೆಗೇ ಹತ್ತಿರ.

ಕರಾವಳಿಯಲ್ಲಿ ಬಾಣಂತಿಗೆ ಹಾಲು ಹೆಚ್ಚಲೆಂದು ಶಾರ್ಕ್ ಮರಿಯ ಸಾರು ಕೊಡುವ ರೂಢಿಯಿದೆ. ಮರಿಯಲ್ಲಿ ಪಾದರಸ ಕಡಿಮೆಯೇನೋ ಹೌದು, ಆದರೂ ನನ್ನ ಮಾತು ಕೇಳುವುದಾದರೆ ಆ ಜಾಗದಲ್ಲಿ ಮತ್ತಿ ಸಾಕು. ಬಸುರಿಯಲ್ಲಂತೂ ಶಾರ್ಕ್ ಬೇಡವೇ ಬೇಡ. ಪಾದರಸ ಸೇರಿದ ಮೀನು ತಿಂದವರು ವಿಷಕ್ಕೊಳಗಾದ, 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟಾ ದುರಂತದಲ್ಲಿ, ಮೇಲುನೋಟಕ್ಕೆ ಚೆನ್ನಾಗಿಯೇ ಇದ್ದ ತಾಯಂದಿರಿಗೂ ಮಿದುಳಿಗೆ ಪೆಟ್ಟುಬಿದ್ದ ಮಕ್ಕಳು ಹುಟ್ಟಿದವು. ರಕ್ತದಲ್ಲಿನ ಮೀಥೈಲ್ ಪಾದರಸ ಅರ್ಧಕ್ಕಿಳಿಯಲು ಸುಮಾರು ಐವತ್ತು ದಿನ ಬೇಕಾದ್ದರಿಂದ, ಮಗು ಬೇಕೆಂದು ಯೋಚಿಸುವವರು ಕೆಲವು ತಿಂಗಳು ಮೊದಲೇ ಬಿಡುವುದು ಮೇಲು. ಹಾಗೆಂದು ಮೀನನ್ನೇ ಬಿಡಬೇಕಿಲ್ಲ. ಮತ್ತಿಯ ಒಮೆಗಾ-3 ಕೊಬ್ಬು ಅದೇ ಮಗುವಿನ ಮಿದುಳಿಗೆ ಬೇಕು.

ತೊಳೆದು ಶುಚಿಮಾಡಿದ್ದೆಲ್ಲ ವ್ಯರ್ಥವೇನೂ ಅಲ್ಲ. ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಹೆಚ್ಚಾಗಿ ಸೇರುವುದು ಒಳಾಂಗಗಳಲ್ಲಿ. ಬೊಂಡಾಸಿನ (ಸ್ಕ್ವಿಡ್) ಹೊಟ್ಟೆಯ ಭಾಗವನ್ನೂ ಕಡಲೇಡಿಯ ಚಿಪ್ಪಿನೊಳಗಿನ ಕಂದು ತಿರುಳನ್ನೂ ತೆಗೆದುಹಾಕಿದರೆ ಅದರ ಬಹುಪಾಲು ಹೋಗುತ್ತದೆ.

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ, ಅತ್ತ ಯಾಂತ್ರಿಕ ದೋಣಿಗಳು ಜೂನ್, ಜುಲೈಗಳಲ್ಲಿ ದಡದಲ್ಲೇ ನಿಂತಿರುವಾಗ, ನಮ್ಮ ಮನೆಗಳಲ್ಲಿ ಒಣಮೀನಿನ ಡಬ್ಬಿ ತೆರೆಯುತ್ತದೆ. ಒಣಗಿದಾಗ ಹೋಗುವುದು ನೀರು; ಲೋಹ ಅಲ್ಲೇ ಉಳಿಯುತ್ತದೆ. ಆದ್ದರಿಂದ ಒಣ ಶಾರ್ಕಿನ ಒಂದು ತುಂಡನ್ನು ಅಷ್ಟೇ ತೂಕದ ಹಸಿಯದರ ಎರಡು ಮೂರು ತುಂಡೆಂದೇ ಎಣಿಸಬೇಕು. ಒಣ ಸಿಗಡಿ ಚಟ್ನಿಯ ವಿಷಯದಲ್ಲಿ ಪಾದರಸಕ್ಕಿಂತ ಉಪ್ಪಿನ ಚಿಂತೆಯೇ ದೊಡ್ಡದು.