ಕುದುರೆ ಸರಿಯುವ ಮೊದಲೇ ನೀವು ಸರಿಯಿರಿ

ಯಾರೋ ಕೈಬಿಟ್ಟ ಕುದುರೆಯನ್ನು ತಂದು ಸಾಕುವವರ ಮನೆಗೆ ಹೋಗಿ, ಹೆದರಿದ ಕುದುರೆ ಹಾರುವ ಮೊದಲೇ ನೀವೇ ಹಿಂದೆ ಸರಿಯಿರಿ ಅಂದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಡಾಕ್ಟ್ರೇ, ನಾವೇ ಹಿಂದೆ ಸರಿದ್ರೆ ಅದಕ್ಕೆ ಸದರ ಆಗಲ್ವಾ?' ಸಾಗರದಲ್ಲಿ ಕೇಳಿದ್ದಾರೆ, ತೀರ್ಥಹಳ್ಳಿಯಲ್ಲಿ ಕೇಳಿದ್ದಾರೆ. ಹೊಸನಗರದ ಕಡೆ ಒಬ್ಬರು ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಜಗ್ಗುತ್ತಲೇ ಕೇಳಿದರು. (ಹಗ್ಗ ಕೈಗೆ ಸುತ್ತಬೇಡಿ. ಕುದುರೆ ಒಮ್ಮೆ ಎಳೆದರೆ ಬೆರಳೇ ಹೋಗುತ್ತದೆ.)

ಆಗಲ್ಲ ಅಂದರೆ ಯಾರೂ ನಂಬುವುದಿಲ್ಲ. ನನ್ನೆದುರು ತಲೆ ಆಡಿಸುತ್ತಾರೆ. ನಾನು ಗೇಟು ದಾಟುವಷ್ಟರಲ್ಲಿ ಮತ್ತೆ ಜಗ್ಗಾಟ ಶುರು. ಅದಕ್ಕೇ ಇವತ್ತು ಬೇರೆಲ್ಲ ಬಿಟ್ಟು ಇದೊಂದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಮೈ ನೋಡಿಸಿ. 'ಮೊಂಡು ಕುದುರೆ' ಅಂತ ಕರೆಸಿದ ಕಡೆ ಎಷ್ಟೋ ಸಲ ನನಗೆ ಸಿಕ್ಕಿದ್ದು ನೋವು. ಕುದುರೆಯ ದವಡೆ ಹಲ್ಲು ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುತ್ತದೆ. ಸರಿಯಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯ ಒಳಗೆ ಕೊಯ್ಯುತ್ತದೆ. ಅಂಥ ಬಾಯಿಗೆ ಕಡಿವಾಣ ಹಾಕಿದರೆ ತಲೆ ಕೊಡವದೆ ಇನ್ನೇನು ಮಾಡೀತು? ರೇಸ್‌ನಿಂದ ಬಂದ ಥರೋಬ್ರೆಡ್ ತಳಿಯ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬಾ ಸಾಮಾನ್ಯ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲು ರಾತ್ರಿ ಊರುತ್ತಲೇ ಇರುತ್ತದೆ. ಮೇವಿಲ್ಲದೆ ಗಂಟೆಗಟ್ಟಲೆ ಕಟ್ಟಿದರೆ ಉರಿ ಏಳುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬಂದರೆ ಅದನ್ನು ದುಷ್ಟ ಅನ್ನಬೇಡಿ. ನಮ್ಮ ಮಳೆಗಾಲದ ಕೆಸರಿನಲ್ಲಿ ಗೊರಸಿನ ಅಡಿ ಕಪ್ಪಾಗಿ ಕೊಳೆಯುತ್ತದೆ, ಕೆಟ್ಟ ನಾತ ಬರುತ್ತದೆ. ಅಂಥ ಕಾಲನ್ನು ಅದು ಎತ್ತಿಕೊಡುವುದಿಲ್ಲ. ಧನುರ್ವಾಯು ಲಸಿಕೆ ಆಗಿದೆಯೇ ಅಂತ ಕೇಳಿ. ಗ್ಲಾಂಡರ್ಸ್ ಪರೀಕ್ಷೆಯ ವರದಿ ಇಲ್ಲದೆ ಯಾವ ಕುದುರೆಯನ್ನೂ ಲಾರಿ ಹತ್ತಿಸಬೇಡಿ. ಅದು ಮನುಷ್ಯರಿಗೂ ಹರಡುವ ರೋಗ. ರಕ್ತದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಕಳಿಸುತ್ತಾರೆ. ನಿಮ್ಮ ಪಶುವೈದ್ಯರಿಗೆ ಇದೆಲ್ಲ ಗೊತ್ತಿರುತ್ತದೆ, ಅವರನ್ನು ಕೇಳಿ.

ಈಗ ವಿಷಯಕ್ಕೆ ಬರುತ್ತೇನೆ. ಕುದುರೆ ಓಡಿ ಬದುಕಿದ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಉಗುರಿಲ್ಲ. ಕಣ್ಣು ತಲೆಯ ಎರಡೂ ಬದಿಗಿದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ಹಿಂದೆ ಸ್ವಲ್ಪ ಜಾಗ ಬಿಟ್ಟು ಹೆಚ್ಚುಕಡಿಮೆ 350 ಡಿಗ್ರಿ ಅದಕ್ಕೆ ಕಾಣುತ್ತದೆ. ನೀವು ಬೇಲಿ ದಾಟುವಾಗಲೇ ಅದು ನಿಮ್ಮನ್ನು ನೋಡಿಯಾಗಿದೆ. ಹತ್ತಿರ ಬರುತ್ತಾನಾ, ಬಂದವನು ಹೋಗುತ್ತಾನಾ, ಅದಕ್ಕೆ ಗೊತ್ತಾಗಬೇಕಾದ್ದು ಇಷ್ಟೇ. ಹೊಡೆತ ತಿಂದು ಬಂದ ಕುದುರೆಗೆ ಗೊತ್ತಿರುವ ಮನುಷ್ಯರೆಲ್ಲ ಬಂದವರು, ಹಿಡಿದವರು, ಬಿಡದವರು. ಬಂದು, ಏನೂ ಮಾಡದೆ, ತಾನಾಗಿ ಹೋದವನನ್ನು ಅದು ನೋಡಿಯೇ ಇಲ್ಲ.

ನೀವು ಒಂದು ಹೆಜ್ಜೆ ಇಡುತ್ತೀರಿ. ಕಿವಿ ನಿಮ್ಮ ಕಡೆ ತಿರುಗುತ್ತದೆ. ಇನ್ನೊಂದು ಹೆಜ್ಜೆ. ಅದು ತಲೆ ಎತ್ತುತ್ತದೆ, ಉಸಿರು ಹಿಡಿಯುತ್ತದೆ, ಮೂಗಿನ ಹೊಳ್ಳೆ ಬಿಗಿಯಾಗುತ್ತದೆ, ಕಣ್ಣಿನ ಮೇಲೆ ಸುಕ್ಕು ಮೂಡುತ್ತದೆ. ಆದರೆ ಕಾಲು ಇನ್ನೂ ನಿಂತಲ್ಲೇ ಇದೆ. ಇಲ್ಲಿ ನಿಲ್ಲಿ. ಒಂದು ಉಸಿರು ಬಿಡಿ. ತಿರುಗಿ, ನಿಧಾನವಾಗಿ, ನಡೆದು ಹೋಗಿ.

ಜನ ಇಲ್ಲಿ ನಿಲ್ಲುವುದಿಲ್ಲ. 'ಇಷ್ಟು ಹತ್ತಿರ ಬಂದಾಯ್ತಲ್ಲ, ಇನ್ನೊಂದು ಹೆಜ್ಜೆ' ಅಂತ ಇಟ್ಟೇಬಿಡುತ್ತಾರೆ. ಕುದುರೆ ಹಾರುತ್ತದೆ. ಇವರು ಹೆದರಿ ಹಿಂದೆ ಸರಿಯುತ್ತಾರೆ. ಈಗ ಅದು ಕಲಿತದ್ದೇನು? ನಿಂತರೆ ಮನುಷ್ಯ ಇನ್ನೂ ಹತ್ತಿರ ಬರುತ್ತಾನೆ, ಹಾರಿದರೆ ಹೋಗುತ್ತಾನೆ. ಮಾರನೇ ದಿನ ಅದು ಇನ್ನೂ ಬೇಗ ಹಾರುತ್ತದೆ. ಆಮೇಲೆ ನನಗೆ ಫೋನ್. 'ದಿನಾ ಅಭ್ಯಾಸ ಮಾಡಿಸ್ತಿದೀವಿ, ಆದ್ರೂ ಜಾಸ್ತಿ ಆಗ್ತಿದೆ.' ಅಭ್ಯಾಸ ಆಗಿದೆ ನಿಜ. ಹಾರುವುದರ ಅಭ್ಯಾಸ.

ಇದನ್ನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಒಮ್ಮೆ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಕುದುರೆ ನಿಮ್ಮ ಒತ್ತಾಯದಿಂದ ಕಲಿಯುವುದಿಲ್ಲ, ಒತ್ತಾಯ ನಿಂತ ಆ ಕ್ಷಣದಿಂದ ಕಲಿಯುತ್ತದೆ. ನಿರಾಳ ಸಿಗುವ ಮುಂಚಿನ ಕ್ಷಣದಲ್ಲಿ ತಾನು ಏನು ಮಾಡುತ್ತಿತ್ತೋ ಅದನ್ನೇ ಮತ್ತೆ ಮಾಡುತ್ತದೆ. ನಿಂತಿದ್ದಾಗ ನೀವು ಹೋದರೆ ನಿಲ್ಲುವುದನ್ನು ಕಲಿಯಿತು. ಹಾರಿದಾಗ ಹೋದರೆ ಹಾರುವುದನ್ನು ಕಲಿಯಿತು. ಹಗ್ಗಕ್ಕೂ ಇದೇ ಲೆಕ್ಕ. ನೀವು ಎಳೆದಾಗ ಅದು ನಿಮ್ಮ ಕಡೆ ಬರೀ ಭಾರ ಬಿಟ್ಟರೂ ಸಾಕು, ಕಾಲೇ ಎತ್ತಬೇಕೆಂದಿಲ್ಲ, ಹಗ್ಗ ಸಡಿಲ ಬಿಡಿ. ಆಗಲೇ ಬಿಡಬೇಕು. 'ಇನ್ನೂ ಎರಡು ಹೆಜ್ಜೆ ಬರಲಿ' ಅಂತ ಕಾದರೆ ಪಾಠ ಹಾಳಾಯಿತು.

ಹಾಗಾದರೆ ಆಗಲೇ ಹಾರಿಬಿಟ್ಟಿದ್ದರೆ? ಮುಂದೆ ಹೋಗಬೇಡಿ, ಹಿಂದೆಯೂ ಹೋಗಬೇಡಿ. ಇದ್ದಲ್ಲೇ ಇರಿ, ಭುಜ ಇಳಿಸಿ, ನೋಟ ಬೇರೆ ಕಡೆ ಇಡಿ. ಕಾಲು ನಿಲ್ಲುವವರೆಗೆ ಕಾಯಿರಿ. ನಿಂತ ಮೇಲೆ ಹೋಗಿ. ಆದರೆ ಕುದುರೆ ನಿಮ್ಮ ಮೈಮೇಲೆ ಬರುತ್ತಿದ್ದರೆ, ಅಥವಾ ನೀವು ಲಾಯದ ಮೂಲೆಯಲ್ಲಿದ್ದರೆ, ಪಾಠ ಬಿಟ್ಟು ಮೊದಲು ಹೊರಗೆ ಬನ್ನಿ. ಅದು ಏನು ಬೇಕಾದರೂ ಕಲಿತುಕೊಳ್ಳಲಿ, ನಾಳೆ ತಿದ್ದಬಹುದು. ಒದೆ ತಿಂದ ಮಂಡಿಯನ್ನು ತಿದ್ದುವುದು ಕಷ್ಟ. ಇಂಥ ಕುದುರೆಯ ಜೊತೆ ಒಬ್ಬರೇ ಇರಬೇಡಿ, ಮಕ್ಕಳನ್ನಂತೂ ಬೇಲಿಯ ಒಳಗೆ ಬಿಡಬೇಡಿ.

ಇನ್ನು ಸದರದ ಮಾತು. ಬೆಲ್ಲ ತಿಂದು ತಿಂದು ನಿಮ್ಮ ಜೇಬಿಗೆ ಮೂಗು ತೂರಿಸಿ ತಳ್ಳುವ ಕುದುರೆ ಇರುತ್ತದೆ. ಅದಕ್ಕೆ ಹೆದರಿಕೆಯೇ ಇಲ್ಲ. ಅದರೆದುರು ಹಿಂದೆ ಸರಿದರೆ ಸದರ ಆಗುತ್ತದೆ, ಒಪ್ಪುತ್ತೇನೆ. ನಾನು ಹೇಳುತ್ತಿರುವುದು ನಿಮ್ಮನ್ನು ಕಂಡು ತೊಡೆ ನಡುಗಿಸುವ ಕುದುರೆಯ ವಿಷಯ. ನಡುಗುವ ಪ್ರಾಣಿಯ ಮುಂದೆ ಗೆಲ್ಲುವುದು ಏನಿದೆ ಹೇಳಿ?

ಕೆಲವರು 'ನಮ್ದು ಈಗ ಅಲ್ಲಾಡಲ್ಲ, ಶಾಂತ ಆಗಿದೆ' ಅನ್ನುತ್ತಾರೆ. ಹೋಗಿ ನೋಡಿದರೆ ಮೂರು ಜನ ಹಿಡಿದು, ಗೋಣಿಚೀಲ ಬೀಸಿ ಬೀಸಿ ನಿಲ್ಲಿಸಿದ್ದಾರೆ. ಕಣ್ಣು ಮಿಟುಕಿಸುವುದಿಲ್ಲ, ಕೆಳತುಟಿ ಬಿಗಿದಿರುತ್ತದೆ. ಮೇವು ಮುಂದೆ ಇಟ್ಟರೂ ಮೂಸುವುದಿಲ್ಲ. ಆರಾಮಾಗಿರುವ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಎಡ ಮುಂಗಾಲಿನ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಇಂಥ 'ಶಾಂತ' ಕುದುರೆಯಲ್ಲಿ ಅದರ ಎರಡರಷ್ಟು ಕೇಳಿಸುತ್ತದೆ. ಓಡಲು ದಾರಿಯಿಲ್ಲ ಅಂತ ಅದು ಕೈಚೆಲ್ಲಿದೆ, ಅಷ್ಟೇ. ಅಂಥದ್ದರ ಬೆನ್ನ ಮೇಲೆ ಪ್ರವಾಸಿಗಳ ಮಗುವನ್ನು ಕೂರಿಸುತ್ತೀರಾ? ಒಂದು ಅಡಿಕೆ ಹಾಳೆ ಪಕ್ಕದಲ್ಲಿ ದೊಪ್ಪನೆ ಬಿದ್ದರೆ ಸಾಕು.

ನಮ್ಮ ಕಡೆ ಹೆದರಿಸುವ ವಸ್ತುಗಳೇ ಬೇರೆ. ಹಾಳೆ ಬೀಳುವ ಸದ್ದು, ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪು, ಕಂಬಳಿ ಕೊಪ್ಪೆ ಹಾಕಿದ ಮನುಷ್ಯ. ನಿನ್ನೆ ಅಂಗಿ ತೊಟ್ಟು ಬಂದ ನಿಮ್ಮನ್ನು ಕುದುರೆ ಒಪ್ಪಿರಬಹುದು. ಇವತ್ತು ಕೊಪ್ಪೆಯೊಳಗೆ ನಿಮ್ಮ ಆಕಾರವೇ ಬದಲಾಗಿದೆ. ದೂರದಿಂದಲೇ ಮಾತಾಡುತ್ತಾ ಬನ್ನಿ, ಮತ್ತೆ ಮೊದಲ ಹೆಜ್ಜೆಯಿಂದ ಶುರು ಮಾಡಿ. ಇನ್ನೊಂದು ಮಾತು, ಕುದುರೆಗೆ ಸಂಬಂಧಿಸಿದ್ದಲ್ಲ, ನಿಮಗೆ. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಕಾಡಂಚಿನಲ್ಲಿ ಮೇಯಿಸಿ ತಂದ ಪ್ರಾಣಿಯ ಉಣುಗನ್ನು ಬರಿಗೈಯಲ್ಲಿ ಕೀಳಬೇಡಿ, ಹಿಸುಕಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ನಮಗೆ ಹತ್ತುವುದು.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಂದು ಮನೆಯವರು ಬಿಳಿ ಹೆಣ್ಣು ಕುದುರೆಯೊಂದನ್ನು ತಂದಿದ್ದಾರೆ. ಮದುವೆ ದಿಬ್ಬಣದಲ್ಲಿ ದುಡಿದು ಬಂದದ್ದು. ಕಿವಿಯ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗುವ ಹಾಗಿದೆ, ಮಾರ್ವಾಡಿ ತಳಿಯ ರಕ್ತ ಇರಬೇಕು. ಮೂಗಿನ ಮೇಲೆ ಹಾಲ್ಟರ್, ಅಂದರೆ ತಲೆಗೆ ಹಾಕುವ ಪಟ್ಟಿ, ಬಿಗಿದ ಗಾಯದ ಕಲೆ. ಯಜಮಾನರು ಒಳ್ಳೆಯವರು, ಸ್ವಂತ ದುಡ್ಡು ಕೊಟ್ಟು ಬಿಡಿಸಿ ತಂದಿದ್ದಾರೆ. ದಿನಾ ಬೆಲ್ಲ ಹಿಡಿದು ಹೋಗುತ್ತಿದ್ದರು, ಇನ್ನೊಂದು ಕೈಯಲ್ಲಿ ಹಾಲ್ಟರನ್ನು ಬೆನ್ನ ಹಿಂದೆ ಅಡಗಿಸಿಕೊಂಡು. ಬೆಲ್ಲಕ್ಕೆ ಬಾಯಿ ಹಾಕಿದ ಕೂಡಲೇ ಹಿಡಿಯುವುದು. ಸ್ವಲ್ಪ ದಿನದಲ್ಲಿ ಅದು ಬೆಲ್ಲ ಕಂಡರೇ ಓಡತೊಡಗಿತು.

ಅವರಿಗೆ ಹೆಚ್ಚು ಬೇಸರವಾಗಿದ್ದು ಬೇರೆ ವಿಷಯಕ್ಕೆ. 'ಹುಲ್ಲು ಕೊಯ್ಯೋಕೆ ಬರೋ ಅಕ್ಕ ಅದರ ಮುಖಾನೂ ನೋಡಲ್ಲ ಡಾಕ್ಟ್ರೇ. ಅವ್ರ ಹಿಂದೆ ಬೇಲಿವರೆಗೂ ಹೋಗುತ್ತೆ. ನಾನು ಏನ್ ಪಾಪ ಮಾಡಿದೀನಿ?' ಆ ಅಕ್ಕ ಮಾಡುತ್ತಿದ್ದುದನ್ನು ನಾನು ನಿಂತು ನೋಡಿದೆ. ಹೊರೆ ತರುತ್ತಾರೆ, ಹಾಕುತ್ತಾರೆ, ಹೋಗುತ್ತಾರೆ. ದಿನಕ್ಕೆರಡು ಸಲ. ಯಾರೂ ಹೇಳಿಕೊಡದೆ ಅವರು ಮಾಡುತ್ತಿದ್ದುದು ನಾನು ಇಷ್ಟುದ್ದ ಬರೆದ ಪಾಠವನ್ನೇ. ಬೆಲ್ಲವೂ ಮೇವೇ, ಹುಲ್ಲೂ ಮೇವೇ. ವ್ಯತ್ಯಾಸ ಇದ್ದದ್ದು ಹೋಗುವುದರಲ್ಲಿ.

ಯಜಮಾನರಿಗೆ ನಾನು ಕೊಟ್ಟ ಕೆಲಸ ಇಷ್ಟೇ. ಬೆಲ್ಲ ಬೇಡ. ಹಾಲ್ಟರನ್ನು ಹೆಗಲ ಮೇಲೆ ಕಾಣುವ ಹಾಗೆ ಹಾಕಿಕೊಳ್ಳಿ. ಹೋಗಿ, ತಲೆ ಎತ್ತುವ ಮೊದಲೇ ವಾಪಸ್ ಬನ್ನಿ. ಅದೇ ನಿಮ್ಮ ಹಿಂದೆ ಬರಲು ಶುರು ಮಾಡಿದ ಮೇಲೆ ಮುಟ್ಟಿ. ಮುಖ ಮುಟ್ಟಬೇಡಿ, ಕತ್ತು ತಟ್ಟಬೇಡಿ. ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬು ಇದೆಯಲ್ಲ, ಅಲ್ಲಿ ಬೆರಳಿನಿಂದ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಫ್ರಾನ್ಸ್‌ನ ಕಾಮಾರ್ಗ್ ಕುದುರೆಗಳ ಮೇಲೆ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಕೆರೆದಾಗ ಎದೆಬಡಿತ ಇಳಿದದ್ದು ಕಂಡಿದೆ. ಸ್ವಲ್ಪ ಕೆರೆದು, ಅದಕ್ಕೆ ಇನ್ನೂ ಬೇಕು ಅನ್ನಿಸುವಾಗಲೇ ಕೈ ತೆಗೆದು ಹೋಗಿ.

'ಡಿಸೆಂಬರ್ ರಜೆಗೆ ಜನ ಬರ್ತಾರೆ, ಅಷ್ಟ್ರೊಳಗೆ ಸವಾರಿ ಆಗುತ್ತಾ?' ಅಂತ ಕೇಳಿದರು. ಇಂಥ ತಾರೀಖನ್ನು ನಾನು ಯಾರಿಗೂ ಕೊಡುವುದಿಲ್ಲ. ಕೆಲವು ಕುದುರೆ ವಾರಗಳಲ್ಲಿ ತಿರುಗಿಕೊಳ್ಳುತ್ತವೆ, ಕೆಲವು ವರ್ಷ ತೆಗೆದುಕೊಳ್ಳುತ್ತವೆ, ಕೆಲವು ಸವಾರಿಗೆ ಬರುವುದೇ ಇಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ತರಬೇಕು. ಅವರು ಒಪ್ಪಿಕೊಂಡರು, ಅದಕ್ಕೆ ಅವರ ಮೇಲೆ ನನಗೆ ತುಂಬಾ ಗೌರವ.

ಈಗ ಆ ಕುದುರೆ ಹಾಲ್ಟರಿಗೆ ತಾನೇ ಮೂಗು ತೂರಿಸುತ್ತದೆ. ಲಾಳ ಹೊಡೆಯುವವರು ಬಂದಾಗ ಮೂರು ಕಾಲು ಕೊಡುತ್ತದೆ. ಬಲ ಹಿಂಗಾಲು ಮಾತ್ರ ಕೊಡುವುದಿಲ್ಲ, ಎತ್ತಿದ ಕೂಡಲೇ ಎಳೆದುಕೊಳ್ಳುತ್ತದೆ. ಮನೆಯವರು ಅದನ್ನೂ ಅಭ್ಯಾಸದಿಂದಲೇ ಸರಿಮಾಡೋಣ ಅನ್ನುತ್ತಿದ್ದಾರೆ. ನನಗೆ ಆ ಕಾಲಿನ ಕೀಲಿನ ಮೇಲೆ ಅನುಮಾನ ಇದೆ. ಎಕ್ಸ್‌ರೇ ಆಗುವವರೆಗೆ ಆ ಕಾಲಿಗೆ ಕೈ ಹಾಕಬೇಡಿ ಅಂತ ಹೇಳಿ ಬಂದಿದ್ದೇನೆ.